ಹಾಟ್ ಹ್ಯಾಚ್: ಚಾಲಕನ ಕೈಯಿಂದ ಜಾರುತ್ತಿರುವ ಗೇರ್

ಫೋಕ್ಸ್‌ವ್ಯಾಗನ್ ಕಂಪನಿ 1975ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನಕ್ಕೆ ಒಂದು ಪುಟ್ಟ ಕಾರನ್ನು ತಂದಿರಿಸಿತು. ಸಂಸಾರಸ್ಥರ ಸಾಧಾರಣ ಗಾಲ್ಫ್ ಕಾರಿಗೆ 110 ಅಶ್ವಶಕ್ತಿಯ ಎಂಜಿನ್ ಕೂರಿಸಿ, ಜಿಟಿಐ ಎಂದು ಹೆಸರಿಟ್ಟಿತ್ತು. ಆಸನಗಳಿಗೆ ಚೌಕುಳಿ ಬಟ್ಟೆ, ಗೇರ್ ಕಡ್ಡಿಯ ತುದಿಗೆ ಗಾಲ್ಫ್ ಚೆಂಡಿನ ಆಕಾರದ ಗುಂಡು. ಇವೆರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿಯ ಕಲ್ಪನೆ. ಐದು ಸಾವಿರ ಕಾರು ಮಾರಾಟವಾದರೆ ಸಾಕು ಎಂಬುದು ಕಂಪನಿಯ ಆರಂಭದ ಅಂದಾಜಾಗಿತ್ತು. ಮೊದಲ ತಲೆಮಾರಿನ ಜಿಟಿಐ ಒಂದೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು.

ಸುಮಾರು ಐವತ್ತು ವರ್ಷಗಳ ನಂತರ, 2025ರ ಮೇ ತಿಂಗಳಲ್ಲಿ, ಅದೇ ಗಾಲ್ಫ್ ಜಿಟಿಐ ಭಾರತದ ಮಾರುಕಟ್ಟೆಗೆ ಅಡಿಯಿಟ್ಟಿತು. ಶಕ್ತಿ 265 ಅಶ್ವಶಕ್ತಿಗೆ ಏರಿದೆ. ಚೌಕುಳಿ ಬಟ್ಟೆ ಉಳಿದಿದೆ. ಆದರೆ ಗೇರ್ ಕಡ್ಡಿ ಇರಬೇಕಾದ ಜಾಗದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗುಂಡಿಯೊಂದು ಕುಳಿತಿದೆ. ಮ್ಯಾನುವಲ್ ಗೇರ್‌ಬಾಕ್ಸ್ ಇರುವ ಗಾಲ್ಫ್ ಜಿಟಿಐ ಭಾರತಕ್ಕೆ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. 2024ರ ಪರಿಷ್ಕರಣೆಯ ನಂತರ ಕಂಪನಿ ಅಂಥ ಕಾರನ್ನು ತಯಾರಿಸುವುದನ್ನೇ ನಿಲ್ಲಿಸಿದೆ.

ಮ್ಯಾನುವಲ್ ಒಳ್ಳೆಯದೋ ಆಟೊಮ್ಯಾಟಿಕ್ ಒಳ್ಳೆಯದೋ ಎಂಬ ಚರ್ಚೆ ಕಾರುಪ್ರಿಯರ ನಡುವೆ ಹಳೆಯದು. ಈಗ ಅದಕ್ಕೆ ಹೊಸ ತಿರುವು ದೊರೆತಿದೆ. ಚರ್ಚೆ ಇನ್ನೂ ಮುಗಿಯದಿರುವಾಗಲೇ ಎರಡರಲ್ಲಿ ಒಂದು ಸದ್ದಿಲ್ಲದೆ ಮಾರುಕಟ್ಟೆಯಿಂದ ನಿರ್ಗಮಿಸುತ್ತಿದೆ. ಈ ತೀರ್ಮಾನ ಚಾಲಕರದಾಗಿದ್ದರೆ ತಕರಾರಿಗೆ ಎಡೆಯಿರಲಿಲ್ಲ. ಆದರೆ ಬಹುಪಾಲು ತೀರ್ಮಾನ ಆಗುತ್ತಿರುವುದು ಹೊಗೆ ತಪಾಸಣೆಯ ನಿಯಮಗಳಲ್ಲಿ, ತೆರಿಗೆಯ ಹಂತಗಳಲ್ಲಿ ಮತ್ತು ಕಂಪನಿಗಳ ಲೆಕ್ಕಪತ್ರಗಳಲ್ಲಿ.

ಯುರೋಪಿನಲ್ಲಿ ಬರಿದಾಗುತ್ತಿರುವ ಸಾಲು

ಹಾಟ್ ಹ್ಯಾಚ್ ಎಂದರೆ ದಿನಸಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಬಳಸುವಂಥ ಸಣ್ಣ ಕಾರಿಗೆ ಬಲವಾದ ಎಂಜಿನ್, ಬಿಗಿಯಾದ ಸಸ್ಪೆನ್ಷನ್, ಚುರುಕಾದ ಸ್ಟೀರಿಂಗ್ ಜೋಡಿಸಿದ ವಾಹನ. ವಾರವಿಡೀ ದುಡಿಮೆ, ಭಾನುವಾರ ಬೆಟ್ಟದ ದಾರಿಯಲ್ಲಿ ಸಂತೋಷ, ಎರಡೂ ಒಂದೇ ಕಾರಿನಲ್ಲಿ ಸಿಗಬೇಕೆಂಬುದು ಇದರ ಮೂಲ ತತ್ವ. ಸ್ಪೋರ್ಟ್ಸ್ ಕಾರು ಕೊಳ್ಳಲಾಗದ ಮಧ್ಯಮ ವರ್ಗದವರಿಗೆ ಒದಗಿದ ಸ್ಪೋರ್ಟ್ಸ್ ಕಾರು ಇದು ಎಂದರೆ ತಪ್ಪಾಗಲಾರದು.

ಈ ಬಗೆಯ ಕಾರುಗಳ ತವರು ಯುರೋಪ್. ಅಲ್ಲಿನ ಇತ್ತೀಚಿನ ಬೆಳವಣಿಗೆಗಳನ್ನು ಗಮನಿಸಿದರೆ ಪರಿಸ್ಥಿತಿ ಅರ್ಥವಾಗುತ್ತದೆ. ಫೋರ್ಡ್ ಫಿಯೆಸ್ಟಾ ಎಸ್‌ಟಿ 2023ರಲ್ಲಿ ನಿಂತಿತು. ರೆನೊ ಮೆಗಾನ್ ಆರ್‌ಎಸ್ ಅದೇ ವರ್ಷ ತೆರೆಮರೆಗೆ ಸರಿಯಿತು. ಹ್ಯುಂಡೈ ತನ್ನ ಐ20 ಎನ್ ಮತ್ತು ಐ30 ಎನ್ ಕಾರುಗಳನ್ನು 2024ರಲ್ಲಿ ಯುರೋಪಿನಿಂದ ಹಿಂತೆಗೆದುಕೊಂಡಿತು. ಮ್ಯಾನುವಲ್ ಗೇರ್‌ಬಾಕ್ಸ್ ಬಿಟ್ಟು ಬೇರೇನನ್ನೂ ಕೊಡದ ಹೋಂಡಾ ಸಿವಿಕ್ ಟೈಪ್ ಆರ್ 2025ರಲ್ಲಿ ಯುರೋಪಿಗೆ ವಿದಾಯದ ಆವೃತ್ತಿಯನ್ನು ಪ್ರಕಟಿಸಿತು. ಫೋರ್ಡ್ ಫೋಕಸ್ ತಯಾರಿಕೆಯೂ 2025ರಲ್ಲಿ ನಿಂತುಹೋಗಿ, ಅದರ ಎಸ್‌ಟಿ ಆವೃತ್ತಿಯೂ ಕೊನೆಗೊಂಡಿತು.

ಇದಕ್ಕೆ ಕುತೂಹಲಕರ ಅಪವಾದ ಟೊಯೊಟಾ ಜಿಆರ್ ಯಾರಿಸ್. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ನಂಟಿನಿಂದ ಹುಟ್ಟಿದ ಈ ಕಾರು 2020ರಲ್ಲಿ ಬಂದಾಗ ಆರು ಗೇರ್‌ಗಳ ಮ್ಯಾನುವಲ್ ಮಾತ್ರ ಇತ್ತು. 2024ರ ಪರಿಷ್ಕರಣೆಯಲ್ಲಿ ಎಂಟು ಗೇರ್‌ಗಳ ಆಟೊಮ್ಯಾಟಿಕ್ ಸೇರಿತು. ಆದರೆ ಮ್ಯಾನುವಲ್ ಅನ್ನು ಕಂಪನಿ ಕೈಬಿಡಲಿಲ್ಲ. ಒಂದನ್ನು ಸೇರಿಸಲು ಇನ್ನೊಂದನ್ನು ತೆಗೆಯಲೇಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಗಾಲ್ಫ್ ಜಿಟಿಐ ಮತ್ತು ಜಿಆರ್ ಯಾರಿಸ್ ನಡುವಿನ ನಿಜವಾದ ವ್ಯತ್ಯಾಸ ಅಶ್ವಶಕ್ತಿಯಲ್ಲಿಲ್ಲ. ಗ್ರಾಹಕನಿಗೆ ಬಿಟ್ಟುಕೊಟ್ಟ ಆಯ್ಕೆಯಲ್ಲಿದೆ.

ಮ್ಯಾನುವಲ್ ಏಕೆ ಹಿಂದೆ ಸರಿಯುತ್ತಿದೆ?

ಮೊದಲ ಕಾರಣ ವೇಗ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32 ಕಾರಿನಲ್ಲಿ ಡಿಎಸ್‌ಜಿ ಎಂಬ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಅಳವಡಿಸಿತು. ಒಂದು ಕ್ಲಚ್ 1, 3, 5ನೇ ಗೇರ್‌ಗಳನ್ನು, ಇನ್ನೊಂದು 2, 4, 6ನೇ ಗೇರ್‌ಗಳನ್ನು ನೋಡಿಕೊಳ್ಳುತ್ತದೆ. ಕಾರು ಮೂರನೇ ಗೇರ್‌ನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಹಾಗಾಗಿ ಗೇರ್ ಬದಲಾವಣೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆಗಿಬಿಡುತ್ತದೆ. ಎಂಥ ನುರಿತ ಚಾಲಕನ ಕೈಯೂ ಕಾಲೂ ಇದಕ್ಕೆ ಸಾಟಿಯಲ್ಲ. ಗಡಿಯಾರ ಹಿಡಿದು ನೋಡುವವರ ಪಾಲಿಗೆ ಈ ವಾದ ಅಂದೇ ಮುಗಿದಿತ್ತು.

ಎರಡನೆಯ ಕಾರಣ ನಿಯಮ. ಒಂದು ಎಂಜಿನ್‌ಗೆ ಎರಡು ಬಗೆಯ ಗೇರ್‌ಬಾಕ್ಸ್ ಕೊಟ್ಟರೆ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಆಟೊಮ್ಯಾಟಿಕ್‌ನಲ್ಲಿ ಯಾವ ವೇಗಕ್ಕೆ ಯಾವ ಗೇರ್ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುವುದರಿಂದ ಹೊಗೆಯ ಪ್ರಮಾಣವನ್ನು ಹದ್ದುಬಸ್ತಿನಲ್ಲಿಡುವುದು ಸುಲಭ. ಮ್ಯಾನುವಲ್‌ನಲ್ಲಿ ಆ ನಿಯಂತ್ರಣ ಚಾಲಕನದು. ಯುರೋಪಿನ ಯೂರೊ-7 ನಿಯಮಗಳ ಹೊಸ್ತಿಲಲ್ಲಿ, ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುವ ಮ್ಯಾನುವಲ್ ಆವೃತ್ತಿಗೆ ಇಷ್ಟೊಂದು ಹಣ ಸುರಿಯಲು ಕಂಪನಿಗಳು ಮನಸ್ಸು ಮಾಡುತ್ತಿಲ್ಲ. ಗಾಲ್ಫ್ ಜಿಟಿಐ ಮ್ಯಾನುವಲ್‌ಗೆ ಅಮೆರಿಕದಲ್ಲಿ ಅಭಿಮಾನಿ ಬಳಗವಿದ್ದರೂ ಅದನ್ನು ಉಳಿಸಿಕೊಳ್ಳಲಾಗಲಿಲ್ಲ.

ಮೂರನೆಯದು ಸುರಕ್ಷಾ ಸಾಧನಗಳು. ಮುಂದಿನ ವಾಹನ ನಿಂತರೆ ತಾನೂ ನಿಂತು, ಅದು ಹೊರಟರೆ ತಾನೂ ಹೊರಡುವ ಕ್ರೂಸ್ ಕಂಟ್ರೋಲ್ ವ್ಯವಸ್ಥೆ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡಬೇಕಾದರೆ ಕ್ಲಚ್ ಯಂತ್ರದ ಹಿಡಿತದಲ್ಲಿರಬೇಕು. ಹೈಬ್ರಿಡ್ ವ್ಯವಸ್ಥೆಯ ಮಾತೂ ಬಹುಮಟ್ಟಿಗೆ ಇದೇ.

ಭಾರತದ ದಾರಿ ಬೇರೆ

ಭಾರತದ ಕಥೆ ಯುರೋಪಿನದಕ್ಕಿಂತ ಭಿನ್ನ. ಇಲ್ಲಿ ಹಾಟ್ ಹ್ಯಾಚ್‌ನ ಗಾತ್ರವನ್ನೂ ಎಂಜಿನನ್ನೂ ತೀರ್ಮಾನಿಸಿದ್ದು ತೆರಿಗೆ. ಕೇಂದ್ರ ಸರ್ಕಾರ 2006ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿ, ಅದಕ್ಕೊಂದು ಲಕ್ಷಣವನ್ನೂ ಗೊತ್ತುಪಡಿಸಿತು. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟಬಾರದು. ಈ ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಗೆರೆಯ ಒಳಗಿನ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40 ಎಂದಾಯಿತು. ಭಾರತದ ಹಾಟ್ ಹ್ಯಾಚ್‌ಗಳು ಒಂದು ಲೀಟರ್ ಅಥವಾ 1.2 ಲೀಟರ್ ಟರ್ಬೊ ಎಂಜಿನ್‌ಗಳಿಗೆ ಅಂಟಿಕೊಂಡಿರುವ ಗುಟ್ಟು ಇದೇ.

ಆ ಗೆರೆ ಬೀಳುವುದಕ್ಕೂ ಮುನ್ನ, 2001ರಲ್ಲಿ, 1.6 ಲೀಟರ್ ಎಂಜಿನ್‌ನ ಫಿಯಟ್ ಪಾಲಿಯೊ ಭಾರತಕ್ಕೆ ಬಂದಿತ್ತು. ಸಚಿನ್ ತೆಂಡೂಲ್ಕರ್ ಅದರ ಪ್ರಚಾರ ರಾಯಭಾರಿ. 100 ಅಶ್ವಶಕ್ತಿಯ ಆ ಕಾರನ್ನು ನೆನಪಿಸಿಕೊಳ್ಳುವವರು ಈಗಲೂ ಇದ್ದಾರೆ. ಅನಂತರ 2015ರಲ್ಲಿ 145 ಅಶ್ವಶಕ್ತಿಯ ಅಬಾರ್ಥ್ ಪುಂಟೊ, 2017ರಲ್ಲಿ ಮಾರುತಿ ಬಲೆನೊ ಆರ್‌ಎಸ್, 2018ರಲ್ಲಿ ಟಾಟಾ ಟಿಯಾಗೊ ಜೆಟಿಪಿ ಬಂದವು. ಮೂರಕ್ಕೂ ಐದು ಗೇರ್‌ಗಳ ಮ್ಯಾನುವಲ್ ಮಾತ್ರ. ಮೂರರ ಆರಂಭಿಕ ಬೆಲೆಯೂ ಹತ್ತು ಲಕ್ಷ ರೂಪಾಯಿಗಿಂತ ಕಡಿಮೆ. ಹೊಗಳಿದವರು ಬಹಳ, ಕೊಂಡವರು ವಿರಳ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾಗುವ ಹೊತ್ತಿಗೆ ಮೂರೂ ಮರೆಯಾಗಿದ್ದವು.

ಇದರ ನಡುವೆ ಬೇರೆ ದಾರಿ ಹಿಡಿದದ್ದು 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ಅದಕ್ಕೆ 105 ಅಶ್ವಶಕ್ತಿ, ಏಳು ಗೇರ್‌ಗಳ ಡಿಎಸ್‌ಜಿ ಮಾತ್ರ, ಮ್ಯಾನುವಲ್ ಇರಲಿಲ್ಲ. ಚುರುಕಾದ ಕಾರಿಗೂ ಆಟೊಮ್ಯಾಟಿಕ್‌ಗೂ ಸಂಬಂಧವಿಲ್ಲವೆಂದು ನಂಬಿದ್ದ ಭಾರತೀಯ ಗ್ರಾಹಕನ ಅಭಿಪ್ರಾಯವನ್ನು ಈ ಕಾರು ಬದಲಿಸಿತು. ಆದರೆ ಬಿಎಸ್-6 ಕಾಲಕ್ಕೆ, 2020ರಲ್ಲಿ, ಅದೇ ಪೋಲೊ ಜಿಟಿಯಲ್ಲಿ ಡಿಎಸ್‌ಜಿ ಹೋಗಿ ಸಾಂಪ್ರದಾಯಿಕ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಬಂತು ಎಂಬುದನ್ನು ಮರೆಯುವಂತಿಲ್ಲ. 2022ರಲ್ಲಿ ಪೋಲೊ ತಯಾರಿಕೆಯೇ ಇಲ್ಲಿ ಕೊನೆಗೊಂಡಿತು.

ಸಮೀಪದ ಹೋಲಿಕೆಗೆ ಒದಗುವ ಜೋಡಿ ಹ್ಯುಂಡೈ ಐ20 ಎನ್ ಲೈನ್ ಮತ್ತು ಟಾಟಾ ಆಲ್ಟ್ರೊಜ್ ರೇಸರ್. ಎರಡಕ್ಕೂ 120 ಅಶ್ವಶಕ್ತಿ, ಎರಡರ ಟಾರ್ಕ್ ಸುಮಾರು 170 ನ್ಯೂಟನ್ ಮೀಟರ್. 2021ರಲ್ಲಿ ಐ20 ಎನ್ ಲೈನ್ ಬಂದಾಗ ಗೇರ್ ಕಡ್ಡಿ ಇದ್ದು ಕ್ಲಚ್ ಪೆಡಲ್ ಇಲ್ಲದ ಐಎಂಟಿ ಎಂಬ ನಡುದಾರಿಯ ವ್ಯವಸ್ಥೆ ಮತ್ತು ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಇದ್ದವು. 2023ರಲ್ಲಿ ಕಂಪನಿ ಐಎಂಟಿಯನ್ನು ಕೈಬಿಟ್ಟು ಆರು ಗೇರ್‌ಗಳ ನಿಜವಾದ ಮ್ಯಾನುವಲ್ ಕೊಟ್ಟಿತು. ಜಗತ್ತು ಒಂದು ದಿಕ್ಕಿಗೆ ಹೋಗುತ್ತಿದ್ದಾಗ ಇದು ಎದುರು ದಿಕ್ಕಿನ ಹೆಜ್ಜೆ. 2024ರ ಜೂನ್‌ನಲ್ಲಿ 9.49 ಲಕ್ಷ ರೂಪಾಯಿ ಆರಂಭಿಕ ಬೆಲೆಗೆ ಬಂದ ಆಲ್ಟ್ರೊಜ್ ರೇಸರ್‌ಗೆ ಆರು ಗೇರ್‌ಗಳ ಮ್ಯಾನುವಲ್ ಮಾತ್ರವಿತ್ತು. ದಿನನಿತ್ಯ ನಗರದಲ್ಲಿ ಓಡಿಸುವ ಗ್ರಾಹಕ ಅಲ್ಲಿಯೇ ಹಿಂದೆಗೆದರೆ ಆಶ್ಚರ್ಯವಿಲ್ಲ.

ಹೆಸರಿನ ವಿಚಾರದಲ್ಲಿಯೂ ಗ್ರಾಹಕ ಎಚ್ಚರದಿಂದಿರಬೇಕು. ಯುರೋಪಿನಲ್ಲಿ ಮಾರಾಟವಾಗುತ್ತಿದ್ದ ಐ20 ಎನ್ 204 ಅಶ್ವಶಕ್ತಿಯ ಕಾರು. ಭಾರತದ ಐ20 ಎನ್ ಲೈನ್ ಅದಲ್ಲ. ‘ಲೈನ್’ ಎಂಬ ಒಂದು ಪದದ ಅಂತರ 84 ಅಶ್ವಶಕ್ತಿಯಷ್ಟು.

ಆಟೊಮ್ಯಾಟಿಕ್ ಎಂದರೆ ಒಂದಲ್ಲ

ಮಳಿಗೆಯಲ್ಲಿ ‘ಆಟೊಮ್ಯಾಟಿಕ್ ಬೇಕು’ ಎಂದು ಕೇಳುವವರಲ್ಲಿ ಬಹಳಷ್ಟು ಮಂದಿಗೆ ಯಾವ ಆಟೊಮ್ಯಾಟಿಕ್ ಎಂಬ ಮರುಪ್ರಶ್ನೆ ಎದುರಾಗುವುದಿಲ್ಲ. ನಿಜವಾದ ತೀರ್ಮಾನ ಅಡಗಿರುವುದು ಅಲ್ಲಿಯೇ.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಮನೆಮಾತಾದ ಎಎಂಟಿ ಮೂಲತಃ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಅಗ್ಗ, ಇಂಧನ ಉಳಿತಾಯಕ್ಕೆ ಅನುಕೂಲಕರ. ಆದರೆ ಗೇರ್ ಬದಲಾಗುವಾಗಲೆಲ್ಲ ಕುಳಿತವರ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುವಂಥ ತಡವರಿಕೆ ಇದೆ. ಚುರುಕುತನವೇ ಪ್ರಾಣವಾದ ಹಾಟ್ ಹ್ಯಾಚ್‌ಗೆ ಇದು ಒಗ್ಗುವುದಿಲ್ಲ.

ಸಿವಿಟಿಯಲ್ಲಿ ಗೇರ್‌ಗಳ ಬದಲು ಬೆಲ್ಟ್ ಮತ್ತು ರಾಟೆಗಳಿವೆ. ನಗರದಲ್ಲಿ ನಯ. ಆದರೆ ಆ್ಯಕ್ಸಿಲರೇಟರ್ ತುಳಿದಾಗ ಎಂಜಿನ್ ಮೊದಲು ಅರಚಿ, ಕಾರು ನಂತರ ಓಡುತ್ತದೆ ಎಂಬ ಅನಿಸಿಕೆ ಬರುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ದ್ರವದ ಕೊಂಡಿಯಿದೆ. ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಒಣ ಕ್ಲಚ್‌ನಂತೆ ಸವೆಯುವ ಭಾಗ ಇದರಲ್ಲಿಲ್ಲ. ಹಾಗಾಗಿ ಗಟ್ಟಿಮುಟ್ಟು ಎಂಬ ಹೆಸರು ಇದಕ್ಕಿದೆ.

ಎರಡು ಕ್ಲಚ್‌ಗಳ ಗೇರ್‌ಬಾಕ್ಸ್‌ನಲ್ಲಿಯೂ ಎರಡು ಬಗೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗಳದು ಒಂದು, ಒಣ ಕ್ಲಚ್‌ಗಳದು ಇನ್ನೊಂದು. ಹೆಚ್ಚು ಶಕ್ತಿಯ ಗಾಲ್ಫ್ ಜಿಟಿಐಗೆ ಮೊದಲನೆಯದು, ಹಗುರ ಎಂಜಿನ್‌ನ ಪೋಲೊ ಜಿಟಿಯ ಆರಂಭದ ಡಿಎಸ್‌ಜಿಯಲ್ಲಿದ್ದುದು ಎರಡನೆಯದು. ಕಾರು ಆಮೆಯಂತೆ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಲೇ ಇರುತ್ತದೆ. ಜಾರಿದಷ್ಟೂ ಬಿಸಿ. ಒಣ ಕ್ಲಚ್‌ಗೆ ಆ ಬಿಸಿಯನ್ನು ಹೊತ್ತೊಯ್ಯಲು ಎಣ್ಣೆಯ ಆಸರೆಯಿಲ್ಲ. ಅಂಥ ಕಾರಿನ ಮಾಲೀಕರು ಮುಂದಿನ ವಾಹನ ಒಂದಡಿ ಸರಿದಾಗಲೆಲ್ಲ ತಾವೂ ಒಂದಡಿ ಸರಿಯದೆ, ಸ್ವಲ್ಪ ಅಂತರ ತೆರೆದ ಮೇಲೆ ಸಾಗುವುದು ಒಳ್ಳೆಯದು. ಏರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳದೆ ಬ್ರೇಕ್ ಬಳಸಬೇಕು.

ರಾಜಧಾನಿಯ ದಟ್ಟಣೆ, ಮಲೆನಾಡಿನ ಘಾಟಿ

ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ ಸುಮಾರು ಹದಿನೇಳೂವರೆ ಕಿ.ಮೀ. ವೇಗ. ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರದ ನಿತ್ಯ ಪ್ರಯಾಣಿಕರಿಗೆ ಈ ಸರಾಸರಿಯೂ ಉದಾರವೆನಿಸಬಹುದು. ಇಂಥ ಕಡೆ ಎಡಗಾಲು ಮಣಿಯುವುದು ಸಹಜ. ಮ್ಯಾನುವಲ್ ಅಭಿಮಾನ ಎಷ್ಟೇ ಇರಲಿ, ದಿನಕ್ಕೆ ನೂರಾರು ಬಾರಿ ಕ್ಲಚ್ ತುಳಿದ ಮಂಡಿ ಬೇರೆ ತೀರ್ಪು ಕೊಡುತ್ತದೆ.

ಆದರೆ ಕರ್ನಾಟಕವೆಂದರೆ ಬೆಂಗಳೂರೊಂದೇ ಅಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಚಾರ್ಮಾಡಿಯ ಮಳೆ-ಮಂಜಿನಲ್ಲಿ ಗೇರ್ ಚಾಲಕನ ಕೈಯಲ್ಲಿದ್ದರೆ ಸಿಗುವ ಭರವಸೆಯೇ ಬೇರೆ. ತಿರುವಿಗೆ ಮುನ್ನ ಗೇರ್ ಇಳಿಸಿ, ತಿರುವಿನುದ್ದಕ್ಕೂ ಅದನ್ನೇ ಹಿಡಿದು, ಹೊರಬರುವಾಗ ಎಂಜಿನ್‌ನ ಪೂರ್ಣ ಬಲ ಪಡೆಯುವುದು ಹಾಟ್ ಹ್ಯಾಚ್ ಸುಖದ ತಿರುಳು. ಮುಂದಿನ ತಿರುವು ಚಾಲಕನಿಗೆ ಕಾಣುತ್ತದೆ, ಆಟೊಮ್ಯಾಟಿಕ್‌ನ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ತಿರುವಿನ ನಡುವೆ ಅದು ಗೇರ್ ಏರಿಸಿ ತಬ್ಬಿಬ್ಬುಗೊಳಿಸುವುದುಂಟು. ಘಾಟಿ ಇಳಿಯುವಾಗಲಂತೂ ಕೆಳಗಿನ ಗೇರ್‌ನಲ್ಲಿ ಎಂಜಿನ್ ಬಲದಿಂದಲೇ ವೇಗ ತಡೆಯುವುದು ಬ್ರೇಕ್ ಕಾಯುವುದನ್ನು ತಪ್ಪಿಸುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿಯೂ ಮ್ಯಾನುವಲ್ ಮೋಡ್ ಅಥವಾ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಬಳಸಿ ಇದನ್ನು ಸಾಧಿಸಬಹುದು. ಈ ಸೌಲಭ್ಯವಿದ್ದೂ ಒಮ್ಮೆಯೂ ಬಳಸದವರೇ ಹೆಚ್ಚು ಎಂಬುದು ಬೇರೆ ಮಾತು.

ಅಂದ ಮಾತ್ರಕ್ಕೆ ಸಾರ್ವಜನಿಕ ರಸ್ತೆಯನ್ನು ರೇಸಿನ ಕಣವೆಂದು ತಿಳಿಯಲಾಗದು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ 100 ಕಿ.ಮೀ. ವೇಗಮಿತಿ ನಿಗದಿಯಾಗಿದೆ. ಗಂಟೆಗೆ 130 ಕಿ.ಮೀ. ಮೀರಿದರೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು 2024ರ ಆಗಸ್ಟ್‌ನಿಂದ ಕಟ್ಟುನಿಟ್ಟು ಮಾಡಿದರು. ವೇಗದ ಹಂಬಲ ತೀರಿಸಿಕೊಳ್ಳಲು ಕೊಯಮತ್ತೂರು ಮತ್ತು ಚೆನ್ನೈ ಬಳಿಯ ರೇಸ್ ಟ್ರ್ಯಾಕ್‌ಗಳಿವೆ.

ಹತ್ತು ಲಕ್ಷದ ಗೆರೆ

ಕಾರು ಕೊಳ್ಳುವವರು ಅಲಕ್ಷಿಸುವ ಇನ್ನೊಂದು ವಿಷಯ ರಾಜ್ಯದ ರಸ್ತೆ ತೆರಿಗೆ. 2025ರಲ್ಲಿ ಜಾರಿಯಲ್ಲಿದ್ದ ದರದಂತೆ ಕರ್ನಾಟಕದಲ್ಲಿ 5ರಿಂದ 10 ಲಕ್ಷ ರೂಪಾಯಿ ಬೆಲೆಯ ಪೆಟ್ರೋಲ್ ಕಾರಿಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18 ಜೀವಿತಾವಧಿ ತೆರಿಗೆ. ತೆರಿಗೆಯ ಮೇಲೆ ಶೇ 11 ಸೆಸ್ ಬೇರೆ.

ಒಂದೇ ಕಾರಿನ ಮ್ಯಾನುವಲ್ ಆವೃತ್ತಿಗೆ 9.90 ಲಕ್ಷ, ಆಟೊಮ್ಯಾಟಿಕ್‌ಗೆ 11 ಲಕ್ಷ ರೂಪಾಯಿ ಎಂದುಕೊಂಡರೆ, ಮೊದಲನೆಯದಕ್ಕೆ ತೆರಿಗೆ ಮತ್ತು ಸೆಸ್ ಸೇರಿ ಸುಮಾರು 1.54 ಲಕ್ಷ, ಎರಡನೆಯದಕ್ಕೆ ಸುಮಾರು 2.08 ಲಕ್ಷ. ಮಳಿಗೆಯಲ್ಲಿ 1.10 ಲಕ್ಷವೆಂದು ಕಂಡ ವ್ಯತ್ಯಾಸ ನೋಂದಣಿ ಮುಗಿಯುವಷ್ಟರಲ್ಲಿ ಮತ್ತೆ 54 ಸಾವಿರ ಬೆಳೆದಿರುತ್ತದೆ. ಇನ್ನು ಬಿಡುಗಡೆಯ ವೇಳೆ ಸುಮಾರು 53 ಲಕ್ಷ ರೂಪಾಯಿ ಇದ್ದ ಗಾಲ್ಫ್ ಜಿಟಿಐಗೆ ಇದೇ ಲೆಕ್ಕದಲ್ಲಿ ಬೀಳುವ ರಸ್ತೆ ತೆರಿಗೆಯೇ ಹತ್ತೂವರೆ ಲಕ್ಷ. ಒಂದು ಐ20 ಎನ್ ಲೈನ್ ಕೊಳ್ಳುವಷ್ಟು ಹಣ! ಮಧ್ಯಮ ವರ್ಗದವರ ಸ್ಪೋರ್ಟ್ಸ್ ಕಾರಾಗಿ ಹುಟ್ಟಿದ ಜಿಟಿಐ ಭಾರತದಲ್ಲಿ ಸಿರಿವಂತರ ಎರಡನೇ ಕಾರಾಗಿದೆ.

ದುರಸ್ತಿಯ ಲೆಕ್ಕವೂ ಇದೆ. ಮ್ಯಾನುವಲ್ ಕಾರಿನ ಕ್ಲಚ್ ಬದಲಿಸುವ ಮೆಕ್ಯಾನಿಕ್ ಕಲಬುರಗಿಯಲ್ಲೂ ಸಿಗುತ್ತಾನೆ, ಕಾರವಾರದಲ್ಲೂ ಸಿಗುತ್ತಾನೆ. ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಕೈಕೊಟ್ಟರೆ ವಿಶೇಷ ಉಪಕರಣ, ತರಬೇತಿ ಪಡೆದ ತಂತ್ರಜ್ಞ ಮತ್ತು ಕಂಪನಿಯ ಸರ್ವಿಸ್ ಸೆಂಟರ್ ಬೇಕು. ದೊಡ್ಡ ನಗರದಿಂದ ದೂರವಿರುವವರು ವಾರಂಟಿಯ ಅವಧಿ ಮತ್ತು ಹತ್ತಿರದ ಸರ್ವಿಸ್ ಸೆಂಟರ್ ಎರಡನ್ನೂ ವಿಚಾರಿಸಿಯೇ ಮುಂದಡಿಯಿಡಬೇಕು.

ಯಾರಿಗೆ ಯಾವುದು?

ಇಷ್ಟನ್ನೂ ತೂಗಿ ನೋಡಿದರೆ ಉತ್ತರ ಅಷ್ಟೇನೂ ಜಟಿಲವಲ್ಲ. ವಾರದ ಆರು ದಿನ ಬೆಂಗಳೂರಿನ ದಟ್ಟಣೆಯಲ್ಲಿ ಕಳೆಯುವವರಿಗೆ ಆಟೊಮ್ಯಾಟಿಕ್ ಸೂಕ್ತ. ಅದರಲ್ಲಿಯೂ ಟಾರ್ಕ್ ಕನ್ವರ್ಟರ್ ಸಿಕ್ಕರೆ ನಿಶ್ಚಿಂತೆ. ನಗರ ಮತ್ತು ಹೆದ್ದಾರಿ ಸಮಪಾಲಾಗಿರುವವರು ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಆರಿಸಬಹುದು, ಅದನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಅರಿವಿರಬೇಕು ಅಷ್ಟೆ. ಶಿವಮೊಗ್ಗ, ಚಿಕ್ಕಮಗಳೂರು, ಮಡಿಕೇರಿ ಕಡೆಯವರಿಗೆ, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಸಣ್ಣ ದೂರ ಓಡಾಡುವವರಿಗೆ ಮ್ಯಾನುವಲ್ ಇಂದಿಗೂ ಕಡಿಮೆ ಖರ್ಚಿನ, ಹೆಚ್ಚು ಸಂತೋಷದ ಆಯ್ಕೆ. ಎರಡನ್ನೂ ಪರೀಕ್ಷಾರ್ಥವಾಗಿ ಓಡಿಸಿ ನೋಡುವಾಗ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಸುತ್ತಿದರೆ ಸಾಲದು. ಸಂಜೆ ಆರು ಗಂಟೆಗೆ ತಾವು ದಿನವೂ ಸಾಗುವ ದಾರಿಯಲ್ಲಿಯೇ ಓಡಿಸಿ ತೀರ್ಮಾನಿಸುವುದು ಜಾಣತನ.

ವಿಪರ್ಯಾಸವೆಂದರೆ, 2023ರಲ್ಲಿ ಬಂದ ಹ್ಯುಂಡೈ ಐಯಾನಿಕ್ 5 ಎನ್ ಎಂಬ ವಿದ್ಯುತ್ ಕಾರಿನಲ್ಲಿ ಗೇರ್ ಬದಲಿಸುವ ಅಗತ್ಯವೇ ಇಲ್ಲದಿದ್ದರೂ ಎಂಟು ಗೇರ್‌ಗಳ ಅನುಭವವನ್ನು ಕೃತಕವಾಗಿ ಸೃಷ್ಟಿಸಲಾಗಿದೆ. ಪ್ಯಾಡಲ್ ಎಳೆದರೆ ಗೇರ್ ಬದಲಾದಂತೆ ಕಾರು ಸಣ್ಣಗೆ ಎಗರುತ್ತದೆ, ಸದ್ದೂ ಕೇಳುತ್ತದೆ. ಚಾಲಕನಿಗೆ ಬೇಕಾಗಿದ್ದುದು ಬರೀ ವೇಗವಲ್ಲ ಎಂಬುದನ್ನು ಕಂಪನಿಗಳು ಅರಿಯದೆ ಇಲ್ಲ.

ಹತ್ತು ಲಕ್ಷದ ಆಸುಪಾಸಿನಲ್ಲಿ ಟರ್ಬೊ ಎಂಜಿನ್ ಮತ್ತು ನಿಜವಾದ ಮ್ಯಾನುವಲ್ ಗೇರ್‌ಬಾಕ್ಸ್ ಒಟ್ಟಿಗೆ ಸಿಗುವ ಅವಕಾಶ ಯುರೋಪಿನವರಿಗಿಂತ ಭಾರತೀಯರಿಗೆ ಹೆಚ್ಚು ಕಾಲ ಉಳಿದು ಬಂದಿದೆ. ಅದು ಎಷ್ಟು ದಿನ ಮುಂದುವರಿಯುತ್ತದೆಂಬುದು ಮಾರಾಟದ ಅಂಕಿಅಂಶಗಳನ್ನು ಅವಲಂಬಿಸಿದೆ. ಅಬಾರ್ಥ್ ಪುಂಟೊ, ಬಲೆನೊ ಆರ್‌ಎಸ್, ಟಿಯಾಗೊ ಜೆಟಿಪಿಗಳಿಗೆ ಹೊಗಳಿಕೆಯ ಕೊರತೆ ಇರಲಿಲ್ಲ. ಕೊಳ್ಳುವವರ ಕೊರತೆ ಇತ್ತು. ಮ್ಯಾನುವಲ್ ಉಳಿಯಬೇಕೆಂದು ಬಯಸುವವರು ಮುಂದಿನ ಬಾರಿ ಮಳಿಗೆಗೆ ಹೋದಾಗ ಯಾವ ಕಾರಿಗೆ ಮುಂಗಡ ಕಟ್ಟುತ್ತಾರೆ ಎಂಬುದನ್ನೇ ಕಂಪನಿಗಳು ಕಾದು ನೋಡುತ್ತಿವೆ.